‘ತೆಗೀಬ್ಯಾಡ್ರಿ’ ಎಂದು ಬರೆದಿದ್ದ ಎರಡು ಸಾಲು

ನನಗೆ ಯಾವಾಗ ಬಡ್ತಿ ಬಂತು, ಯಾವ ವರ್ಷ ಯಾವ ಕುರ್ಚಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಬೇರೆ ಇದೆ. ನಾನು ಮಾಡಿದ ತಪ್ಪುಗಳು, ಅವುಗಳಲ್ಲಿ ಒಂದರಿಂದ ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿದ್ದದ್ದು, ಆಮೇಲೆ ಅವಳು ನನ್ನನ್ನೂ ನನ್ನ ಸಾಹೇಬರನ್ನೂ ಒಟ್ಟಿಗೇ ಗೆದ್ದದ್ದು. ಕೊನೆಯದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಭಾಲ್ಕಿ ಕಡೆಯವನು. ಕೆಲಸ ಹುಡುಕಿಕೊಂಡು ಬಂದದ್ದು ಈಗಿನ ಛತ್ರಪತಿ ಸಂಭಾಜಿನಗರಕ್ಕೆ. ದ್ರಾಕ್ಷಿಯನ್ನು ತಂಪು ಕೋಣೆಗಳಲ್ಲಿಟ್ಟು ಹೊರದೇಶಕ್ಕೆ ಕಳಿಸುವ ಒಂದು ಕಂಪನಿ. ಹೆಡ್ ಆಫೀಸು ಸಂಭಾಜಿನಗರದಲ್ಲಿ, ತಂಪು ಕೋಣೆಗಳು ನಾಸಿಕ್ ಹೊರಗಡೆ. ಕೋಣೆಯನ್ನು ತಂಪಾಗಿಡುವ ಯಂತ್ರಗಳ ಗೊಡವೆ ನಮ್ಮದಲ್ಲ. ನಮ್ಮ ಕಂಪ್ಯೂಟರು ಮಾಡಬೇಕಾದದ್ದು ಒಂದೇ ಕೆಲಸ, ಪ್ರತಿ ನಿಮಿಷಕ್ಕೊಮ್ಮೆ ಪ್ರತಿ ಕೋಣೆಯ ಉಷ್ಣತೆಯನ್ನು ಬರೆದಿಡುವುದು. ಕೇಳಲು ಇಷ್ಟೇ. ಆದರೆ ಆ ದಾಖಲೆಯಲ್ಲಿ ಹತ್ತು ನಿಮಿಷದ ಖಾಲಿ ಜಾಗ ಕಂಡರೂ ಕೊಳ್ಳುವವರು ಇಡೀ ಕಂಟೇನರನ್ನು ಅನುಮಾನದಿಂದ ನೋಡುತ್ತಾರೆ. ಹಣ್ಣು ಎಷ್ಟು ಚೆನ್ನಾಗಿದ್ದರೂ ಆಗ ಉಪಯೋಗವಿಲ್ಲ.

ಮೊದಲಿನ ದಿನಗಳಲ್ಲಿ ಎಲ್ಲವೂ ಕೈಕೆಲಸ. ಚೀಲದಲ್ಲಿ ಸಿ.ಡಿ.ಗಳು, ಒಂದು ಸ್ಕ್ರೂಡ್ರೈವರ್, ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ. ವೈಜಾಪುರದ ಮೇಲಿನಿಂದ ಎಸ್.ಟಿ. ಬಸ್ಸಿನಲ್ಲಿ ನಾಸಿಕ್ಕಿಗೆ ಹೋಗಿ, ಅಲ್ಲಿಯ ಕಂಪ್ಯೂಟರಿನಲ್ಲಿ ಏನೋ ಒಂದು ಸರಿಮಾಡಿ, ಮರಳಿ ಬರುತ್ತಿದ್ದೆ. ಎರಡು ಊರಿನ ಎರಡು ಕಂಪ್ಯೂಟರು ಒಂದೇ ತರಹ ಇರಬೇಕೆಂಬುದು ಕಂಪನಿಯ ನಿಯಮ. ಒಂದೇ ತರಹ ಅವು ಒಂದು ದಿನವೂ ಇರಲಿಲ್ಲ. ಅಲ್ಲಿ ಏನು ಬದಲಿಸಿದ್ದೆ ಎಂಬುದು ಇಲ್ಲಿಗೆ ಬರುವಷ್ಟರಲ್ಲಿ ನನಗೇ ಮರೆತುಹೋಗುತ್ತಿತ್ತು.

ಇದನ್ನು ನಿಲ್ಲಿಸಿದವರು ದೇಶಪಾಂಡೆ ಸಾಹೇಬರು, ಹೆಡ್ ಆಫೀಸಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು. ಅವರು ತಂದ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಒಂದೊಂದೇ ಹೇಳುವುದಿಲ್ಲ. ಕಂಪ್ಯೂಟರು ಹೇಗಿರಬೇಕು ಎಂಬುದನ್ನು ಫೈಲಿನಲ್ಲಿ ಬರೆದು ರೀಬಿಲ್ಡ್ ಎಂಬ ಆಜ್ಞೆ ಕೊಟ್ಟರೆ ಅದು ತನ್ನನ್ನು ತಾನೇ ಹಾಗೆ ಕಟ್ಟಿಕೊಳ್ಳುತ್ತದೆ. ಕೆಟ್ಟರೆ, ಹಿಂದಿನ ರೂಪ ಹಾಗೇ ಉಳಿದಿರುತ್ತದೆ. ಮತ್ತೆ ಚಾಲೂ ಮಾಡುವಾಗ ಪಟ್ಟಿಯಿಂದ ಅದನ್ನು ಆರಿಸಿಕೊಂಡರೆ ಆಯಿತು. ಎರಡೂ ಊರಿಗೆ ಒಂದೇ ಬರಹ. ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಹಳೆಯ ಚಟದಂತೆ ನಾಸಿಕ್ಕಿನಲ್ಲಿ ಒಂದು ಫೈಲನ್ನು ಕೈಯಿಂದ ತಿದ್ದಿ, ಮೀಸೆ ತಿರುವಿಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಸಾಹೇಬರು ಸಂಭಾಜಿನಗರದಲ್ಲಿ ಕೂತೇ ರೀಬಿಲ್ಡ್ ಕೊಟ್ಟರು. ನನ್ನ ತಿದ್ದುಪಡಿ ಹೇಳಹೆಸರಿಲ್ಲದೆ ಮಾಯವಾಯಿತು. ಬರಹದಲ್ಲಿ ಇಲ್ಲದ್ದು ಕಂಪ್ಯೂಟರಿನಲ್ಲಿಯೂ ಇರುವುದಿಲ್ಲ ಎಂಬುದು ಆ ದಿನ ತಲೆಗೆ ಹೋಯಿತು.

ದೇಶಪಾಂಡೆ ಸಾಹೇಬರದು ದೊಡ್ಡ ತಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಒಂದು ಚಟವಿತ್ತು, ಸ್ವಚ್ಛ ಮಾಡುವುದು. ಮೇಜಿನ ಮೇಲೆ ಒಂದು ಗುಂಡುಸೂಜಿ ಅಡ್ಡ ಬಿದ್ದಿದ್ದರೂ ಅವರಿಗೆ ಸಮಾಧಾನವಿರಲಿಲ್ಲ. ಫೈಲುಗಳಲ್ಲಿಯೂ ಅದೇ ಕತೆ, ಅರ್ಥವಾಗದ ಸಾಲು ಕಂಡರೆ ಕಸ ಎಂದು ತೆಗೆದುಬಿಡುತ್ತಿದ್ದರು.

ಈಗ ಆ ಎರಡು ಸಾಲಿನ ವಿಷಯಕ್ಕೆ ಬರುತ್ತೇನೆ. ನಾಸಿಕ್ಕಿನಲ್ಲಿ ಕರೆಂಟು ಹೋದರೆ ಜನರೇಟರ್ ಶುರುವಾಗುವ ತನಕ ಕಂಪ್ಯೂಟರನ್ನು ನಡೆಸಲು ಒಂದು ಹಳೆಯ ಯುಪಿಎಸ್ ಇತ್ತು. ಅದಕ್ಕೆ ಒಂದು ರೋಗ. ಕರೆಂಟು ಹೋದ ಕೂಡಲೇ, ಬ್ಯಾಟರಿ ತುಂಬಿದ್ದರೂ, ಬ್ಯಾಟರಿ ಮುಗಿಯಿತು ಎಂದು ಬೊಬ್ಬೆ ಹಾಕುತ್ತಿತ್ತು. ಯುಪಿಎಸ್ ಹೇಳಿದ್ದನ್ನು ಕೇಳಿ ನಡೆದುಕೊಳ್ಳುವ ಮಾಡ್ಯೂಲ್, ಅಂದರೆ ಆ ಒಂದೇ ಕೆಲಸಕ್ಕೆ ಮೀಸಲಾದ ಬರಹದ ತುಣುಕು, ಸಿಸ್ಟಮ್ ಜೊತೆಗೇ ಬಂದಿರುತ್ತದೆ. ಪಾಪ, ಅದು ಆ ಸುಳ್ಳನ್ನು ನಂಬಿ ಕಂಪ್ಯೂಟರನ್ನು ತಕ್ಷಣ ಬಂದ್ ಮಾಡುತ್ತಿತ್ತು. ಹೊಸ ಯುಪಿಎಸ್ ಕೊಡಿಸಿ ಎಂದು ಸಾಹೇಬರನ್ನು ಕೇಳಿದೆ. ನೋಡೋಣ ಎಂದರು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ನೋಡೋಣ ಎಂದರು.

ಕೊನೆಗೆ ನಾನೇ ಒಂದು ಮಾಡ್ಯೂಲ್ ಬರೆದೆ. ಕರೆಂಟು ಹೋದ ಮೇಲೆ ಎರಡು ನಿಮಿಷ ಯುಪಿಎಸ್ ಮಾತನ್ನು ನಂಬಬೇಡ, ಆಮೇಲೂ ಕರೆಂಟು ಬರದಿದ್ದರೆ ಮಾತ್ರ ಕ್ರಮವಾಗಿ ಬಂದ್ ಆಗು, ಇಷ್ಟೇ ಅದರ ಬುದ್ಧಿ. ಅದನ್ನು ಸೇರಿಸಿ ರೀಬಿಲ್ಡ್ ಕೊಟ್ಟೆ. ಒಂದೇ ಹೆಸರನ್ನು ಇಬ್ಬರು ಹೇಳುತ್ತಿದ್ದಾರೆ, ಯಾರ ಮಾತು ಕೇಳಲಿ ಎಂದು ಸಿಸ್ಟಮ್ ತಕರಾರು ತೆಗೆಯಿತು. ಅದರದ್ದೂ ಸರಿಯೇ, ಹಳೆಯ ಮಾಡ್ಯೂಲ್ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. ಜೊತೆಗೆ ಬಂದ ಮಾಡ್ಯೂಲನ್ನು ಕೈಬಿಡಲು ಬೇರೆಯೇ ಒಂದು ಪಟ್ಟಿ ಇದೆ, ಅದರಲ್ಲಿ ಅದರ ಫೈಲಿನ ವಿಳಾಸ ಬರೆಯಬೇಕು. ಬರೆದೆ. ಈಗ ಇನ್ನೊಂದು ತಕರಾರು. ಬೇರೆ ಮಾಡ್ಯೂಲ್‌ಗಳು ಹಳೆಯದರೊಳಗಿನ ಹೆಸರುಗಳನ್ನು ಹಿಡಿದು ಕೇಳುತ್ತಿದ್ದವು, ಅವುಗಳಲ್ಲಿ ಕೆಲವನ್ನು ನನ್ನದರಲ್ಲಿ ನಾನು ಚಂದಕ್ಕೆಂದು ಬದಲಿಸಿದ್ದೆ. ಅಂಗಡಿಯಲ್ಲಿ ಕೂತವರು ಬದಲಾದರೂ ಗಿರಾಕಿ ಕೇಳುವ ಸಾಮಾನಿನ ಹೆಸರು ಬದಲಾಗಬಾರದು ಎಂದು ಆಗ ತಿಳಿಯಿತು. ಹಳೆಯ ಹೆಸರುಗಳನ್ನೇ ಇಟ್ಟೆ. ರೀಬಿಲ್ಡ್ ಆಯಿತು, ಕರೆಂಟು ಹೋಯಿತು, ಕಂಪ್ಯೂಟರು ಮಿಸುಕಲಿಲ್ಲ. ಆ ದಿನ ನಾನು ಆಫೀಸಿಗೆಲ್ಲ ಚಿವಡಾ ಹಂಚಿದೆ.

ಹೀಗೆ ಉಳಿದದ್ದು ಎರಡು ಸಾಲು. ಒಂದು ಹಳೆಯದನ್ನು ಕೈಬಿಡುವುದು, ಇನ್ನೊಂದು ನನ್ನದನ್ನು ತರುವುದು. ಅವುಗಳ ಮೇಲೆ ಒಂದು ಟಿಪ್ಪಣಿ ಬರೆದೆ. ಏಕೆ ಕೈಬಿಟ್ಟೆವು ಎಂಬುದನ್ನು ಅಲ್ಲೇ ಬರೆದಿಡಬೇಕು ಎಂಬುದು ಒಳ್ಳೆಯ ಪದ್ಧತಿ. ಆದರೆ ನಾನು ಅದನ್ನು ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಭಾಲ್ಕಿಯ ಕನ್ನಡದಲ್ಲಿ.

ಏಕೆಂದು ಕೇಳಿದರೆ ನಾಚಿಕೆಯಾಗುತ್ತದೆ. ದಿನವಿಡೀ ಮರಾಠಿ, ಹಿಂದಿ ಮಾತಾಡಿ ಬಾಯಿ ದಣಿದಿರುತ್ತಿತ್ತು. ಆ ಟಿಪ್ಪಣಿಗಳಲ್ಲಿ ಮಾತ್ರ ನಾನು ನನ್ನ ಊರಿನವನಾಗಿರುತ್ತಿದ್ದೆ. ಯಾರಿಗೂ ಓದಲು ಬರುವುದಿಲ್ಲವೆಂಬ ಧೈರ್ಯದಿಂದ ಮನಸ್ಸಿನ ಸಿಟ್ಟನ್ನೂ ಅಲ್ಲೇ ಕಕ್ಕುತ್ತಿದ್ದೆ. ಪರವೂರಿನಲ್ಲಿ ದುಡಿಯುವ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು, ನಾನು ಅದನ್ನು ವರ್ಷಗಟ್ಟಲೆ ಖುಷಿಯಿಂದ ಮಾಡಿದೆ.

ಆಮೇಲೆ ನಾನು ವರ್ಗವಾಗಿ ನಾಸಿಕ್ಕಿಗೇ ಬಂದು ಮನೆ ಮಾಡಿದೆ. ನನ್ನ ನಿವೃತ್ತಿಗೆ ಮುಂಚಿನ ವರ್ಷ ಅಲ್ಲಿಗೆ ರೇಣುಕಾ ಬಂದಳು. ಅವಳ ತಂದೆ ಮಲ್ಲಪ್ಪ, ಸೇಡಂ ಕಡೆಯ ಗೌಂಡಿ. ನಮ್ಮ ತಂಪು ಕೋಣೆಗಳ ಗೋಡೆ ಕಟ್ಟಿದವರಲ್ಲಿ ಅವನೂ ಒಬ್ಬ. ಆಗ ಅಲ್ಲೇ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಅವರ ಸಂಸಾರವಿತ್ತಂತೆ. ಅವಳು ಮರಾಠಿ ಶಾಲೆಯಲ್ಲಿ ಓದಿ, ಇಂಜಿನಿಯರಾಗಿ, ಅದೇ ಗೋಡೆಗಳ ಒಳಗೆ ಕುರ್ಚಿ ಹಾಕಿಕೊಂಡು ಕೂತಳು. ಒಂದು ವರ್ಷ ಪರೀಕ್ಷಾರ್ಥ ನೌಕರಿ, ಸಾಹೇಬರು ಒಪ್ಪಿದರೆ ಕಾಯಂ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತಾಡಲು ಹೋದರೆ ತಡವರಿಸುತ್ತಿದ್ದಳು.

"ನಂಗ ತಿಳೀತದ ಕಾಕಾ, ಪಣ್ ಹೇಳ್ಲಿಕ್ಕ ಹೋದ್ರ ಬಾಯಿಗಿ ಮರಾಠಿನೇ ಬರ್ತದ," ಎನ್ನುತ್ತಿದ್ದಳು. ಈ ‘ಪಣ್’ ಎಂಬ ಮರಾಠಿಯ ‘ಆದರೆ’ ಅವಳ ಪ್ರತಿ ಮಾತಿನಲ್ಲೂ ಇರುತ್ತಿತ್ತು.

"ತಪ್ಪು ತಪ್ಪು ಮಾತಾಡವ್ವಾ, ನಾ ಏನ್ ಪರೀಕ್ಷಾ ತೊಗೋತೀನಾ?" ಎನ್ನುತ್ತಿದ್ದೆ. ಅವಳ ಕೆಲಸ ಮಾತ್ರ ತಪ್ಪಿಲ್ಲದ್ದು. ನಾನು ಮೂರು ತಿಂಗಳಲ್ಲಿ ಕಲಿತದ್ದನ್ನು ಅವಳು ಮೂರು ವಾರದಲ್ಲಿ ಕಲಿತಳು. ಹೊಟ್ಟೆಕಿಚ್ಚು ಆಯಿತೇ ಎಂದರೆ, ಸ್ವಲ್ಪ ಆಯಿತು.

ಮರುವರ್ಷದ ದ್ರಾಕ್ಷಿ ಸುಗ್ಗಿಯಲ್ಲಿ ಅಣ್ಣನ ಮಗಳ ಮದುವೆಗೆಂದು ನಾನು ರಜೆ ಹಾಕಿ ಭಾಲ್ಕಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಹುಗ್ಗಿ ಬಡಿಸುತ್ತಿರುವಾಗ ಫೋನು ಬಂತು. ರೇಣುಕಾ ಅಳುತ್ತಿದ್ದಳು.

"ಕಾಕಾ, ನನ್ನ ನೌಕರಿ ಹೋತ್ರಿ."

ಸೌಟನ್ನು ಯಾರದೋ ಕೈಗೆ ಕೊಟ್ಟು ಚಪ್ಪರದ ಆಚೆ ಹೋದೆ. ಅವಳು ಹೇಳಿದ್ದು ಇಷ್ಟು. ಸಾಹೇಬರು ಸಿಸ್ಟಮನ್ನು ಹೊಸ ಆವೃತ್ತಿಗೆ ಏರಿಸಿ, ಅದರ ಬರಹವನ್ನು ಕಳಿಸಿ, ನಾಸಿಕ್ಕಿನಲ್ಲಿ ರೀಬಿಲ್ಡ್ ಕೊಡಲು ಇವಳಿಗೆ ಹೇಳಿದ್ದರು. ಇವಳು ಕೊಟ್ಟಳು. ಒಂದೂ ತಕರಾರಿಲ್ಲದೆ ಆಯಿತು. ಮರುದಿನ ಮಧ್ಯಾಹ್ನ ಕರೆಂಟು ಹೋಯಿತು, ಕಂಪ್ಯೂಟರು ಕೂಡಲೇ ಬಂದ್ ಆಯಿತು. ದಾಖಲೆಯಲ್ಲಿ ಇಪ್ಪತ್ತು ನಿಮಿಷ ಖಾಲಿ. ಪೆಟ್ಟಿಗೆಗಳೊಳಗೆ ಇಟ್ಟಿದ್ದ ಬೇರೆ ಉಷ್ಣಮಾಪಕದ ಲೆಕ್ಕ ತೋರಿಸಿ ಆ ಕಂಟೇನರನ್ನು ಹೇಗೋ ದಾಟಿಸಿದ್ದರು. ಸದ್ಯಕ್ಕೆ ಕಂಪ್ಯೂಟರನ್ನು ಹಿಂದಿನ ರೂಪಕ್ಕೆ ತಿರುಗಿಸಿಯೂ ಇಟ್ಟಿದ್ದಳು. ಆದರೆ ರೀಬಿಲ್ಡ್ ಕೊಟ್ಟವರ ಜಾಗದಲ್ಲಿ ಇದ್ದದ್ದು ಅವಳ ಹೆಸರು. ಈ ಹುಡುಗಿಯನ್ನು ಕಾಯಂ ಮಾಡುವುದು ಬೇಡ ಎಂದು ಸಾಹೇಬರು ಮ್ಯಾನೇಜರಿಗೆ ಹೇಳಿಬಿಟ್ಟಿದ್ದರು.

"ಅಳಬ್ಯಾಡ. ಹಳೇ ಬರಹಕ್ಕೂ ಹೊಸ ಬರಹಕ್ಕೂ ಏನ್ ಫರಕ್ ಅದ ನೋಡಿದಿ?"

"ನೋಡೀನ್ರಿ. ಎರಡ್ ಸಾಲ್ ತೆಗೆದಾರ. ಮ್ಯಾಲ ಏನೋ ಬರೆದದ, ಇಂಗ್ಲಿಷ್ ಅಲ್ಲ, ಮರಾಠಿ ಅಲ್ಲ. ಸಾಹೇಬ್ರು ಕಚರಾ ಅಂತ ತೆಗೆದಿರ್ಬೇಕು. ಪಣ್ ಕಾಕಾ, ನಾ ಅದನ್ನ ಬಾಯಿಬಿಟ್ಟು ಓದ್ದೆ. ಓದಿದ್ ಕೂಡ್ಲೆ ನಮ್ಮ ಅಪ್ಪ ಮಾತಾಡ್ದಂಗ ಕೇಳ್ತು."

ಏನಾಗಿದೆಯೆಂದು ನನಗೆ ತಿಳಿದುಹೋಯಿತು. ಆ ಎರಡು ಸಾಲು ಹೋದರೆ ಸಿಸ್ಟಮ್ ತಕರಾರು ಮಾಡುವುದಿಲ್ಲ. ಏಕೆಂದರೆ ನಾನು ಹೊಸದಕ್ಕೂ ಹಳೆಯ ಹೆಸರುಗಳನ್ನೇ ಇಟ್ಟಿದ್ದೆ. ಹಳೆಯ ಮಾಡ್ಯೂಲ್ ಸದ್ದಿಲ್ಲದೆ ಬಂದು ತನ್ನ ಕುರ್ಚಿಯಲ್ಲಿ ಕೂತಿತ್ತು. ಎಚ್ಚರಿಸಬೇಕಾಗಿದ್ದದ್ದು ಆ ಟಿಪ್ಪಣಿ ಒಂದೇ, ಅದನ್ನು ನಾನು ಯಾರಿಗೂ ತಿಳಿಯದ ಹಾಗೆ ಬರೆದಿದ್ದೆ.

"ಸಾಹೇಬ್ರನ್ನೂ ಫೋನಿಗೆ ಸೇರಿಸು," ಎಂದೆ.

ಸಾಹೇಬರು ಸೇರಿಕೊಂಡರು. ನಾನು ಮರಾಠಿಯಲ್ಲಿ, ಈ ಹುಡುಗಿಯ ತಪ್ಪಿಲ್ಲ, ಆ ಟಿಪ್ಪಣಿ ನಾನು ಬರೆದದ್ದು, ಅದನ್ನು ಓದಿಸಿ ಕೇಳಿ ಎಂದೆ. ಅದರಲ್ಲಿ ಮುಂದೆ ಏನು ಬರೆದಿದ್ದೆ ಎಂಬುದು ಆ ಗಡಿಬಿಡಿಯಲ್ಲಿ ನನಗೆ ನೆನಪೇ ಆಗಲಿಲ್ಲ. ರೇಣುಕಾ ಓದಿದಳು.

"ಈ ಎರಡ್ ಸಾಲ್ ತೆಗೀಬ್ಯಾಡ್ರಿ. ನಾಸಿಕ್ ಯುಪಿಎಸ್ ಸುಳ್ ಹೇಳ್ತದ. ಕರೆಂಟ್ ಹೋದ್ ಕೂಡ್ಲೆ ಬ್ಯಾಟರಿ ತೀರ್ತು ಅಂತದ. ಹೊಸದು ಕೊಡಸ್ರಿ ಅಂತ ದೇಶಪಾಂಡೆ ಸಾಹೇಬ್ರಿಗಿ ನಾಕ್ ಸಲ ಹೇಳೀನಿ..." ಅಲ್ಲಿಗೆ ನಿಂತಳು.

"ಮುಂದೆ? ನನ್ನ ಹೆಸರು ಬಂತಲ್ಲ?" ಸಾಹೇಬರು ಮರಾಠಿಯಲ್ಲಿ ಕೇಳಿದರು.

ಅವಳು ಅಲ್ಲಿಯ ತನಕದ್ದನ್ನು ಮರಾಠಿಯಲ್ಲಿ ಹೇಳಿದಳು. ಮತ್ತೆ ನಿಂತಳು. ಇಡೀ ಮದುವೆ ಮನೆಯ ಬ್ಯಾಂಡು ಆ ಗಳಿಗೆಯಲ್ಲೇ ನಿಲ್ಲಬೇಕೇ? ನಾನೇ ಹೇಳಿದೆ, "ಮುಂದೆ ಬರೆದದ್ದು, ಗೋಡೆಗೆ ಹೇಳಿದ ಹಾಗಾಯಿತು ಅಂತ, ಸಾಹೇಬ್."

ಸಾಹೇಬರು ಅಷ್ಟಕ್ಕೇ ಸೋಲಲಿಲ್ಲ. ಹೊಸ ಆವೃತ್ತಿಗೆ ಏರಿಸುವಾಗ ಆ ಎರಡು ಸಾಲಿನಿಂದಲೇ ತಕರಾರು ಬಂತು, ತೆಗೆದ ಮೇಲೆ ನಿಂತಿತು, ಆದ್ದರಿಂದ ದೋಷ ನಿನ್ನ ಸಾಲುಗಳಲ್ಲಿಯೇ ಇದೆ ಎಂದರು. "ಶುಕ್ರವಾರ ನಾನು ನಾಸಿಕ್ಕಿಗೆ ಬರುತ್ತೇನೆ. ಹೊಸ ಆವೃತ್ತಿಯ ಮೇಲೆ ಅದನ್ನು ನಡೆಸಿ ತೋರಿಸಿ. ನನ್ನ ಕಣ್ಣ ಮುಂದೆ ಮೇನ್ ಸ್ವಿಚ್ ತೆಗೆಯಿರಿ. ಕಂಪ್ಯೂಟರು ಬಂದ್ ಆದರೆ ನನ್ನ ಮಾತು ಮಾತೇ."

ನಾನು ಸಿಕ್ಕ ಬಸ್ಸು ಹಿಡಿದು ಗುರುವಾರ ನಾಸಿಕ್ ಸೇರಿದೆ. ದಾರಿಯುದ್ದಕ್ಕೂ ಯೋಚಿಸಿದೆ. ಆ ಎರಡು ಸಾಲನ್ನು ಮರಳಿ ಹಾಕಿದರೆ ಹೊಸ ಆವೃತ್ತಿಯಲ್ಲಿ ಏಕೆ ತಕರಾರು ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ನನ್ನ ಮೂರ್ಖತನಕ್ಕೆ ಒಬ್ಬ ಗೌಂಡಿಯ ಮಗಳು ದಂಡ ತೆರಬೇಕಾಗುತ್ತದಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಫೀಸಿಗೆ ಕಾಲಿಟ್ಟಾಗ ರೇಣುಕಾ ಅಳುತ್ತಿರಲಿಲ್ಲ. ನಗುತ್ತಿದ್ದಳು.

"ಸಿಕ್ತು ಕಾಕಾ. ಹೊಸದ್ರಾಗ ಹಳೇ ಮಾಡ್ಯೂಲಿನ ಫೈಲು ಬ್ಯಾರೆ ಜಾಗಕ್ಕ ಹೋಗ್ಯಾದ. ನಮ್ಮ ಪಟ್ಟಿದಾಗ ಹಳೇ ವಿಳಾಸ ಅದ. ಮನಿ ಬದಲ್ ಮಾಡಿದವ್ರಿಗಿ ಹಳೇ ಮನಿಗಿ ನೋಟಿಸ್ ಕಳ್ಸಿದ್ರ ಅವ್ರಿಗಿ ಹ್ಯಾಂಗ ಮುಟ್ಟತದ?"

ಅಷ್ಟೇ! ಹಳೆಯದು ಕುರ್ಚಿ ಬಿಟ್ಟಿರಲಿಲ್ಲ, ನನ್ನದೂ ಬಂದು ಕೂತಿತ್ತು, ಮತ್ತೆ ಇಬ್ಬರು ಒಂದೇ ಹೆಸರು ಹೇಳುತ್ತಿದ್ದರು. ಇಷ್ಟು ವರ್ಷ ಈ ಕೆಲಸ ಮಾಡಿದ ನನಗಾಗಲಿ, ಸಾಹೇಬರ ದೊಡ್ಡ ತಲೆಗಾಗಲಿ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಹೊಸ ವಿಳಾಸ ಹಾಕಿದಳು, ರೀಬಿಲ್ಡ್ ಆಯಿತು. ನನಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಬದಲಿಗೆ ಹೋಗಿ ಎರಡು ಕಟಿಂಗ್, ಅಂದರೆ ಅರ್ಧರ್ಧ ಲೋಟ, ಚಹಾ ತಂದೆ.

"ಪಣ್ ಇಷ್ಟು ಸಾಲಂಗಿಲ್ಲ ಕಾಕಾ," ಎಂದಳು ಚಹಾ ಊದುತ್ತ. "ನಾಳಿ ಮತ್ತ ಯಾರರ ಕಚರಾ ಅಂತ ತೆಗೀತಾರ. ಟಿಪ್ಪಣಿ ಯಾರ್ ಓದ್ತಾರ? ನಾ ಇನ್ನೊಂದ್ ಫೈಲಿನಾಗ ಒಂದ್ ಶರ್ತ ಹಾಕೀನಿ. ನಮ್ಮ ಮಾಡ್ಯೂಲ್ ಇಲ್ಲಂದ್ರ ನಾಸಿಕ್ಕಿಂದು ರೀಬಿಲ್ಡೇ ಆಗಬಾರ್ದು. ಯಾಕ ಅಂತ ಪಡದೆ ಮ್ಯಾಲ ತಾನೇ ಹೇಳ್ಬೇಕು."

ಟಿಪ್ಪಣಿಯನ್ನು ಮನುಷ್ಯರು ಓದದೆ ಬಿಡಬಹುದು, ಶರ್ತವನ್ನು ಸಿಸ್ಟಮ್ ಓದದೆ ಬಿಡುವುದಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಕಲಿತ ಕೊನೆಯ ಪಾಠವನ್ನು ನನಗೆ ಕಲಿಸಿದವಳು ಅವಳು.

ಶುಕ್ರವಾರ ಹನ್ನೊಂದು ಗಂಟೆಗೆ ಸಾಹೇಬರು ಕಾರಿನಿಂದ ಇಳಿದರು. ನನ್ನ ಮುಖ ನೋಡಲಿಲ್ಲ. ಕಂಪ್ಯೂಟರಿನ ಮುಂದೆ ನಿಂತು, "ತೆಗೆಯಿರಿ," ಎಂದರು. ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಕೆಳಗೆಳೆದ. ದೀಪ ಹೋದವು, ಫ್ಯಾನು ನಿಂತಿತು. ಯುಪಿಎಸ್ ಎಂದಿನಂತೆ ಬ್ಯಾಟರಿ ಮುಗಿಯಿತೆಂದು ಚೀರಲು ಶುರುಮಾಡಿತು. ಪರದೆ ಹಾಗೇ ಇತ್ತು.

ಜನರೇಟರ್ ಸಾಮಾನ್ಯವಾಗಿ ಅರ್ಧ ನಿಮಿಷದಲ್ಲಿ ಶುರುವಾಗುತ್ತದೆ. ಆ ದಿನ ಆಗಲಿಲ್ಲ. ಹೊರಗೆ ಗುರುಗುಟ್ಟಿ ನಿಂತಿತು, ಮತ್ತೆ ಗುರುಗುಟ್ಟಿ ನಿಂತಿತು. ಒಂದು ನಿಮಿಷವಾಯಿತು. ಪರದೆಯ ಮೇಲೆ ಹೊಸ ಉಷ್ಣತೆಯ ಸಾಲು ಬಂತು. ಯುಪಿಎಸ್ ಚೀರುತ್ತಲೇ ಇತ್ತು. ಎರಡು ನಿಮಿಷ ದಾಟಿದರೆ ನಮ್ಮ ಮಾಡ್ಯೂಲೇ ಕಂಪ್ಯೂಟರನ್ನು ಬಂದ್ ಮಾಡುತ್ತದೆ. ರೇಣುಕಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ನಾನು ಮನಸ್ಸಿನಲ್ಲಿ ಮನೆದೇವರನ್ನೂ ಜನರೇಟರಿನ ಮೆಕ್ಯಾನಿಕನನ್ನೂ ಒಟ್ಟಿಗೇ ನೆನೆದೆ, ಒಬ್ಬರನ್ನು ಭಕ್ತಿಯಿಂದ, ಇನ್ನೊಬ್ಬರನ್ನು ಬೈಗುಳದಿಂದ. ಒಂದೂವರೆ ನಿಮಿಷ ದಾಟಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಆಗ ಹೊರಗೆ ಜನರೇಟರ್ ಕೆಮ್ಮಿ, ಕೆಮ್ಮಿ, ಹಿಡಿದುಕೊಂಡಿತು. ದೀಪ ಬಂದವು. ಪರದೆಯ ಮೇಲೆ ಎರಡನೆಯ ಸಾಲು ಬಂತು. ಒಂದು ನಿಮಿಷವೂ ಖಾಲಿ ಇರಲಿಲ್ಲ.

ನಾನು ಚಪ್ಪಾಳೆ ಹೊಡೆದುಬಿಟ್ಟೆ. ಆ ವಯಸ್ಸಿಗೆ ಅದು ಒಪ್ಪುತ್ತಿರಲಿಲ್ಲ, ಆದರೆ ಕೈ ಕೇಳಬೇಕಲ್ಲ! ಎಲೆಕ್ಟ್ರಿಷಿಯನ್ನೂ ಹೊಡೆದ, ಪ್ಯಾಕಿಂಗಿನ ಹೆಂಗಸರು ಬಾಗಿಲಲ್ಲಿ ಬಂದು ನಿಂತು ಏಕೆಂದು ತಿಳಿಯದೆಯೇ ಹೊಡೆದರು.

ದೇಶಪಾಂಡೆ ಸಾಹೇಬರು ಎಲ್ಲರೂ ಸುಮ್ಮನಾಗುವ ತನಕ ಕಾದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಆ ಎರಡು ಸಾಲು ತೆಗೆದವನು ನಾನು. ತಿಳಿಯದ್ದನ್ನು ಕೇಳದೆ ತೆಗೆದೆ. ರೇಣುಕಾ, ನಿನ್ನ ಕಾಯಂ ಪತ್ರಕ್ಕೆ ನಾನು ಇವತ್ತೇ ಸಹಿ ಮಾಡುತ್ತೇನೆ." ನನ್ನ ಕಡೆ ತಿರುಗಿ, "ಬಿರಾದಾರ, ಇನ್ನುಮುಂದೆ ನನ್ನನ್ನು ಬೈಯುವುದಿದ್ದರೆ ಮರಾಠಿಯಲ್ಲಿ ಬರೆ," ಎಂದರು. ಅಂಥ ಸಾಹೇಬರ ಕೈಕೆಳಗೆ ದುಡಿದೆನೆಂದು ನಾನು ಈಗಲೂ ಹೆಮ್ಮೆಪಡುತ್ತೇನೆ. ನನ್ನ ತಪ್ಪನ್ನೂ ಅಲ್ಲೇ, ಎಲ್ಲರ ಮುಂದೆ ಒಪ್ಪಿಕೊಂಡೆ.

ಸಂಜೆ ಮಲ್ಲಪ್ಪ ಮಗಳನ್ನು ಕರೆದೊಯ್ಯಲು ಬಂದ. ಸಿಮೆಂಟಿನ ಕೈಗಳನ್ನು ಒರೆಸಿಕೊಳ್ಳುತ್ತ ಬಾಗಿಲ ಆಚೆಯೇ ನಿಂತಿದ್ದ.

"ಒಳಗ ಬಾ ಮಲ್ಲಪ್ಪ, ನೀ ಕಟ್ಟಿದ ಗ್ವಾಡಿ ಅದ," ಎಂದೆ.

"ಗ್ವಾಡಿ ನಂದ್ರಿ ಸಾಹೇಬ್ರ, ಕುರ್ಚಿ ನನ್ನ ಮಗಳದು," ಎಂದು ಒಳಗೆ ಬಂದ. ಅವನ ಕಣ್ಣು ತುಂಬಿದ್ದವು, ನನ್ನವೂ ತುಂಬಿದವು.

ಆ ಬೇಸಿಗೆಯಲ್ಲಿ ನಾನು ನಿವೃತ್ತನಾದೆ. ನಾಸಿಕ್ಕಿನಲ್ಲಿಯೇ ಇದ್ದೇನೆ. ನಿವೃತ್ತಿಯ ನಂತರ ಕೆಲವು ಭಾನುವಾರ ರೇಣುಕಾ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ ಕನ್ನಡ ಅಕ್ಷರ ತಿದ್ದಿಸಿಕೊಳ್ಳುತ್ತಿದ್ದಳು. ಏಕೆಂದು ಕೇಳಿದರೆ, "ಸುಮ್ನ ಕಾಕಾ," ಎನ್ನುತ್ತಿದ್ದಳು.

ಮೊನ್ನೆ ಬೆಳಿಗ್ಗೆ ದೇಶಪಾಂಡೆ ಸಾಹೇಬರ ಫೋನು. "ಬಿರಾದಾರ, ನಿನ್ನ ಹುಡುಗಿ ನನ್ನನ್ನು ತಡೆದು ನಿಲ್ಲಿಸಿದ್ದಾಳೆ," ಎಂದು ಜೋರಾಗಿ ನಗುತ್ತಿದ್ದರು. ಮತ್ತೊಂದು ಹೊಸ ಆವೃತ್ತಿ ಬಂದಿತ್ತಂತೆ. ಚಟ ಬಿಡಬೇಕಲ್ಲ, ಫೈಲು ಸ್ವಚ್ಛ ಮಾಡುವಾಗ ಆ ಎರಡು ಸಾಲನ್ನೂ ಗುಡಿಸಿಬಿಟ್ಟಿದ್ದರು. ರೀಬಿಲ್ಡ್ ಆಗಲೇ ಇಲ್ಲ. ಪರದೆಯ ಮೇಲೆ ಏನು ಬಂತೆಂದು ಫೋಟೋ ತೆಗೆದು ನನಗೆ ಕಳಿಸಿದ್ದರು. "ಮೇಲಿನ ಎರಡು ನನಗೆ ತಿಳಿಯಿತು. ಕೆಳಗಿನದನ್ನು ನೀನೇ ಓದು, ಅದು ನಿನಗೇ ಇರಬೇಕು."

ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಇತ್ತು. ಅವೆರಡರ ಕೆಳಗೆ ನಮ್ಮ ಅಕ್ಷರಗಳಲ್ಲಿ ಮೂರನೆಯ ಸಾಲು ಇತ್ತು: "ಈ ಎರಡು ಸಾಲು ತೆಗೀಬ್ಯಾಡ್ರಿ. ಯಾಕ ಅಂತ ಬಿರಾದಾರ ಕಾಕಾ ಮೊದಲೇ ಹೇಳ್ಯಾರ."